ಗೂಟ ಕಿತ್ತವಳಿಗೆ

ವಿಲ್ಮರೇ, ಲ್ವಾಂಗ್ ನದಿಯ ದಡ
26 ಜೂನ್ 1931

ಘನತೆವೆತ್ತ ಗೂಟಾಪಹಾರಿಣಿ, ಸಕಲಕಲಾವಲ್ಲಭೆ ಜೆರ್ಮೇನಳಿಗೆ, ಬ್ಲಾಂಡೀನ್ ಒಂದೂವರೆ ಕಾಲಿನ ಮೇಲೆ ನಿಂತು ಮಾಡುವ ವಂದನೆ.

ಪ್ಯಾರಿಸ್ಸಿನ ಚಿತ್ರಶಾಲೆಯ ಜಾಗ ನಿನಗೇ ಎಂದು ಪುರಭವನದ ಬಾಗಿಲಿಗೆ ಅಂಟಿಸಿದ್ದಾರೆ. ನಮ್ಮೂರಿಗೆ ವರ್ಷಕ್ಕೆ ಒಂದೇ ಜಾಗ, ಅದೂ ನದಿದಡದ ಚಿತ್ರಸ್ಪರ್ಧೆಯಲ್ಲಿ ಗೆದ್ದವರಿಗೆ. ಅದಕ್ಕಾಗಿ ನಾವಿಬ್ಬರೂ ಹನ್ನೆರಡನೇ ವಯಸ್ಸಿನಿಂದ ಬಣ್ಣ ಕಲಸಿದ್ದೇವೆ. ಒಬ್ಬಳಿಗೆ ಸಿಕ್ಕರೆ ಇನ್ನೊಬ್ಬಳು ಸ್ಟೇಷನ್ನಿನವರೆಗೆ ಪೆಟ್ಟಿಗೆ ಹೊರಬೇಕೆಂಬ ಒಪ್ಪಂದವಿತ್ತು. ಹೊರುತ್ತಿದ್ದೆ ಕಣೇ, ನಗುತ್ತಲೇ ಹೊರುತ್ತಿದ್ದೆ.

ಈಗ ಎದ್ದು ನಿಲ್ಲು, ಆರೋಪ ಓದುತ್ತೇನೆ. ಊರಿನ ಕಟ್ಟಳೆಯಂತೆ, ಈಸ್ಟರ್ ಸೋಮವಾರ ತಮ್ಮ ಹೆಸರು ಕೊರೆದ ಗೂಟ ಹೊಡೆದವರಿಗೇ ದಡದ ಆ ಜಾಗದಿಂದ ಕಾಣುವ ನೋಟ. ಸ್ಪರ್ಧೆ ಮುಗಿಯುವ ತನಕ ಇನ್ನೊಬ್ಬರು ಅಲ್ಲಿ ಕೂತು ಚಿತ್ರ ಬರೆಯುವಂತಿಲ್ಲ. ಗೂಟಗಳ ತಪಾಸಣೆಯ ದಿನ ಗೂಟ ಇಲ್ಲದವರಿಗೆ ಸ್ಪರ್ಧೆಯೂ ಇಲ್ಲ. ನಮ್ಮೂರಿನಲ್ಲಿ ಹೆಂಡತಿಗೆ ಮೋಸ ಮಾಡಿದವರನ್ನು ಕ್ಷಮಿಸಿದ್ದಾರೆ, ಗೂಟ ಕಿತ್ತವರನ್ನು ಕ್ಷಮಿಸಿಲ್ಲ. ನನ್ನದು ಬಟ್ಟೆ ಒಗೆಯುವ ಕಟ್ಟೆಯ ಪಕ್ಕ, ಮರದ ನೆರಳು ನೀರಿಗೆ ಬೀಳುವಲ್ಲಿ. ನೀನು ಗಿರಣಿಯ ಹಿಂದೆ ಹೊಡೆದೆ, ಮೂರೇ ದಿನಕ್ಕೆ ನಿನಗೆ ಬೇಜಾರಾಯಿತು.

ಅದಾದ ಮೇಲೆ, ಚೌಕದಲ್ಲಿ ಕಲ್ಲಿನ ಪ್ರತಿಮೆಯಾಗಿ ನಿಂತಿರುವ ಚಿತ್ರಕಾರನಿಗೆ ಅಜ್ಜಿಯ ಟೋಪಿ ತೊಡಿಸಲು ಹೋಗಿ ಬಿದ್ದು ಕಾಲು ಮುರಿದುಕೊಂಡವಳು ನಾನು. ಏಣಿ ಹಿಡಿದಿದ್ದವಳು ನೀನು. ಅದರಲ್ಲಿ ನಿನ್ನ ತಪ್ಪಿಲ್ಲ, ನಕ್ಕೂ ನಕ್ಕೂ ನಾನೇ ಜಾರಿದೆ. ಘನ ನ್ಯಾಯಾಲಯ ಇದನ್ನು ದಾಖಲಿಸಿಕೊಂಡಿದೆ.

ನಾನು ಹಾಸಿಗೆಯಲ್ಲಿದ್ದಷ್ಟು ದಿನವೂ ನೀನು ಸಂಜೆ ಚೆರಿ ಹಣ್ಣು ತಂದು, "ನಿನ್ನ ಗೂಟ ಬಂಡೆ ಥರ ನಿಂತಿದೆ ಕಣೇ, ನಾಯಿ ಕಾಲೆತ್ತೋಕೆ ಬಂದ್ರೂ ಓಡಿಸ್ತೀನಿ" ಎನ್ನುತ್ತಿದ್ದೆ. ಒಮ್ಮೆ ನಿನ್ನ ಹೆಬ್ಬೆರಳಿನಲ್ಲಿ ಹಸಿರು ಬಣ್ಣ ಕಂಡು, ಗಿರಣಿಯ ಹಿಂದೆ ಅಷ್ಟು ಹಸಿರೆಲ್ಲಿದೆಯೇ ಎಂದು ಕೇಳಿದೆ. ನೀನು ಪಾಚಿ ಎಂದೆ. ಪಾಚಿಯಂತೆ! ನಾನು ನಂಬಿ ಬೀಜ ಉಗುಳುತ್ತಾ ಕೂತಿದ್ದೆ.

ಕೋಲೂರಿಕೊಂಡು ಕಟ್ಟೆಗೆ ಹೋಗುವಷ್ಟರಲ್ಲಿ ತಪಾಸಣೆ ಮುಗಿದಿತ್ತು. ನನ್ನ ಗೂಟವಿದ್ದಲ್ಲಿ ನಿನ್ನ ಗೂಟವಿತ್ತು. ಬಟ್ಟೆ ಒಗೆಯುವ ಮದಾಮ್ ಪೆರ್ರೋ ಹಿಂಡುತ್ತಿದ್ದ ಹಾಸುಬಟ್ಟೆ ಕೆಳಗಿಟ್ಟು, "ಏನೇ ಕುಂಟಿ, ಜಾಗ ಗೆಳತಿಗೆ ಬಿಟ್ಟುಕೊಟ್ಯಂತೆ? ಅವಳೇ ಹೇಳಿದ್ಳು. ದೊಡ್ಡ ಮನಸ್ಸು ಕಣವ್ವ ನಿಂದು!" ಎಂದಳು. ಕಟ್ಟೆಯ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಒದ್ದೆ ಕೈಯ ಚಪ್ಪಾಳೆ ಎಷ್ಟು ಜೋರು ಗೊತ್ತಾ? ನಾನು ನಾಟಕದವರ ಹಾಗೆ ಬಾಗಿ ವಂದಿಸಿದೆ. ಇನ್ನೇನು ಮಾಡಲಿ?

ಜೆರ್ಮೇನ್, ನೀನು ಕೇಳಿದ್ದರೆ ಕೊಡುತ್ತಿದ್ದೆ ಎಂದು ಸುಳ್ಳು ಹೇಳುವುದಿಲ್ಲ. ಕೊಡುತ್ತಿರಲಿಲ್ಲ. ಜುಟ್ಟು ಹಿಡಿದು ಜಗಳವಾಡುತ್ತಿದ್ದೆ. ನೀನು ಆ ಜಗಳವನ್ನೂ ನನಗೆ ಉಳಿಸಲಿಲ್ಲ.

ನಿನ್ನ ಚಿತ್ರ ನೋಡಿದೆ. ಚೆನ್ನಾಗಿದೆ. ಅದೇ ನನಗೆ ತಡೆಯಲಾಗದ್ದು.

ಪೆಟ್ಟಿಗೆ ನೀನೇ ಹೊತ್ತುಕೋ.

ಇಂತಿ, ನಿನ್ನವಳಾಗಿದ್ದ
ಬ್ಲಾಂಡೀನ್

ಮರೆತಿದ್ದೆ: ಬಾಗಿಲಿಗೆ ಅಂಟಿಸುವ ಮೊದಲು ಮೇಯರ್ ನನ್ನನ್ನು ಕರೆಸಿ, "ನಿಜ ಹೇಳಮ್ಮ, ನೀನಾಗೇ ಬಿಟ್ಟುಕೊಟ್ಯಾ? ಇಲ್ಲ ಅಂದ್ರೆ ಈಗ್ಲೇ ಅವಳ ಹೆಸರು ಹೊಡೆದು ಹಾಕ್ತೀನಿ" ಎಂದರು. ನಾನೇ ಬಿಟ್ಟುಕೊಟ್ಟೆ ಎಂದು ಸಹಿ ಹಾಕಿ ಬಂದೆ. ಕ್ಷಮಿಸಿದಳು ಅಂದುಕೊಳ್ಳಬೇಡ. ನೀನು ಇಲ್ಲೇ ಉಳಿದರೆ ದಿನಾ ಎದುರಾಗುತ್ತೀಯ. ಎರಡನೇ ದಿನವೇ ನಿನ್ನ ಮುಖ ನೋಡಿ ನನಗೆ ಕೋಪ ಹೋಗಿ ನಗು ಬಂದುಬಿಡುತ್ತದೆ.