ಮರೆತವನಿಂದ ಮುಚ್ಚಳಿಕೆ ಬರೆಸಿಕೊಂಡವರಿಗೆ

ಮಾನ್ಯ ಅಮೀನ ಸಾಹೇಬರೇ,

ನಿಮ್ಮ ಹುಕುಮಿನಂತೆ ನಮ್ಮ ಓಣಿಯ ಬಾಂಗಿ ಸಾಹೇಬ ಅಜೀಮುದ್ದೀನರನ್ನು ಅವರ ಮಗಳು ವಜೀರಬಿ ಆಡು ಕಟ್ಟುವ ಹಗ್ಗದಿಂದ ಮನೆಯ ಕಂಬಕ್ಕೆ ಕಟ್ಟಿದ್ದಾಳೆ. ಗಂಟು ಭದ್ರವಾಗಿದೆ. ಎಪ್ಪತ್ತು ದಾಟಿದ ಮುದುಕನ ಕಾಲಿನ ಚರ್ಮ ಹಗ್ಗದಡಿಯಲ್ಲಿ ಸುಲಿದು ಹುಣ್ಣಾಗಿದೆ, ಹುಣ್ಣಿಗೆ ನೊಣ ಮುತ್ತುತ್ತಿವೆ. ಕಲ್ಯಾಣಿ ಊರಿನಲ್ಲಿ ಶಾಂತಿ ನೆಲೆಸಿದೆ. ಅಭಿನಂದನೆಗಳು. ಆ ಹಗ್ಗ ಬಿಚ್ಚಿಸಿ ಎಂದು ಕೇಳಲು ಠಾಣೆಗೆ ಬಂದಾಗಲೆಲ್ಲ ನಿಮ್ಮ ಜವಾನರು ಬಾಗಿಲಲ್ಲೇ ತಿರುಗಿಸಿ ಕಳಿಸಿದರು. ಅದಕ್ಕೇ ಈಗ ಊರೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ. ಕನ್ನಡ ಬಾರದಿದ್ದರೆ ಯಾರಿಂದಲಾದರೂ ಓದಿಸಿಕೊಳ್ಳಿ. ಓದುವವನು ಹೆದರಿ ಸಾಲು ಹಾರಿಸದಂತೆ ಮಾತ್ರ ನೋಡಿಕೊಳ್ಳಿ.

ಬಾಂಗಿ ಸಾಹೇಬರು ನಮ್ಮ ಓಣಿಯ ಸಣ್ಣ ಮಸೀದಿಯಲ್ಲಿ ನಲವತ್ತು ವರ್ಷ ದಿನಕ್ಕೆ ಐದು ಸಲ ನಮಾಜಿನ ಕರೆ ಕೊಟ್ಟವರು. ಓಣಿಯಲ್ಲಿ ಯಾರ ಮನೆಯಲ್ಲೂ ಗಡಿಯಾರವಿರಲಿಲ್ಲ, ಅವರಿದ್ದರು. ಎದುರು ಮನೆಯ ಧೂಳಮ್ಮ ಲಿಂಗ ಕಟ್ಟಿದವಳು. ಅವಳ ಒಲೆಯ ಮೇಲೆ ಬೇಳೆ ಏರುತ್ತಿದ್ದುದು ಅವರ ಮಧ್ಯಾಹ್ನದ ಬಾಂಗಿಗೆ. ಎರಡು ವರ್ಷದ ಕೆಳಗೆ ಅವರ ತಲೆಯಿಂದ ಮೊದಲು ನಿನ್ನೆ ಉದುರಿತು. ಆಮೇಲೆ ಹೋದ ವರ್ಷ. ಆಮೇಲೆ ಮಗಳ ಹೆಸರು. ಈಗ ವಜೀರಬಿಯನ್ನು ‘ಅಮ್ಮಾ’ ಎನ್ನುತ್ತಾರೆ. ಮಸೀದಿಯವರು ಬಾಂಗಿಗೆ ಬೇರೆಯವರನ್ನು ಇಟ್ಟರು. ಆದರೆ ಮೈಗೆ ಹತ್ತಿದ ಕೆಲಸ ಮೈ ಬಿಡಬೇಕಲ್ಲ! ಹೊತ್ತಲ್ಲದ ಹೊತ್ತಿನಲ್ಲಿ ಮೆಟ್ಟಿಲು ಹತ್ತಿ ಕರೆ ಕೊಟ್ಟುಬಿಡುತ್ತಿದ್ದರು.

“ಏನ್ರಿ ಸಾಹೇಬ, ನಿಮ್ಮ ಬಾಂಗ ಕೇಳಿ ಬ್ಯಾಳಿ ಇಟ್ಟೀನಿ, ಇಲ್ಲಿ ನನ್ನ ಗಂಡ ಇನ್ನಾ ಮಾರಿ ತೊಳಕೊಳ್ಳಾಕತ್ತಾನ!” ಎಂದು ಧೂಳಮ್ಮ ಕಟ್ಟೆಯಿಂದ ಕೂಗುವಳು.

“ಲಗೂ ಏಳು ಅಂತ ಹೇಳವ್ವಾ ಅವಂಗ. ತಪ್ಪು ಅವಂದು,” ಎನ್ನುವರು ಅವರು.

ಓಣಿ ನಗುತ್ತಿತ್ತು. ನಕ್ಕು ಸುಮ್ಮನಾಗುತ್ತಿತ್ತು. ಒಂದು ಠಾಣೆಗಾಗುವಷ್ಟು ಬುದ್ಧಿ ಅದಕ್ಕೆ ಬೇಕಾಗಿರಲಿಲ್ಲ.

ನಾನು ಡಾಕ್ಟರನಲ್ಲ. ಸೊಲ್ಲಾಪುರದಿಂದ ಬರುವ ಅಗ್ಗದ ಕಿರುಹೊತ್ತಿಗೆಗಳನ್ನು ಓದಿ ಕಲಿತವನು. ಒಂದರಲ್ಲಿ ಹೀಗಿತ್ತು: ಕೆಲವು ಮುದುಕರ ಮಿದುಳು ಒಳಗೊಳಗೇ ಸವೆಯುತ್ತದೆ, ಹೊಸದು ಮೊದಲು ಹೋಗುತ್ತದೆ, ಹಳೆಯದು ಕೊನೆಗೆ, ಇದು ಹುಚ್ಚೂ ಅಲ್ಲ, ಹಟವೂ ಅಲ್ಲ, ಗದರಿಸಿದರೆ ಹೆಚ್ಚುತ್ತದೆ. ವಜೀರಬಿಗೆ ಅಕ್ಷರ ಬಾರದು. ಆಕೆ ಇದನ್ನು ಅಳುತ್ತಾ ಕಲಿತಳು. ತಂದೆ ಹೆಂಡತಿಯನ್ನು ಕೇಳಿದಾಗ ಮೊದಮೊದಲು “ಅಮ್ಮ ತೀರಿಕೊಂಡು ಬಾಳ ದಿನ ಆತಲ್ಲ ಅಬ್ಬಾ” ಎಂದು ನಿಜ ಹೇಳುತ್ತಿದ್ದಳು. ಮುದುಕ ಅಂದೇ ಹೆಣ ಕಂಡವನಂತೆ ಎದೆ ಬಡಿದುಕೊಳ್ಳುತ್ತಿದ್ದ. ಸಂಜೆ ಮತ್ತೆ ಕೇಳುತ್ತಿದ್ದ, ಮತ್ತೆ ಬಡಿದುಕೊಳ್ಳುತ್ತಿದ್ದ. ಕೊನೆಗೆ ಆಕೆ “ತವರಿಗೆ ಹೋಗ್ಯಾಳ, ನಾಳಿ ಬರ್ತಾಳ” ಎನ್ನತೊಡಗಿದಳು. ಮನೆಯಲ್ಲಿ ಅಳು ನಿಂತಿತು. ಬಾಂಗಿನದೂ ಹಾಗೆಯೇ. ಕರೆ ಕೊಡುವ ಮುಂಚೆ ಕೈಕಾಲು ಮುಖ ತೊಳೆದು ವಜೂ ಮಾಡಬೇಕು. ಅವರು ಮಸೀದಿಯ ಕಡೆ ಹೆಜ್ಜೆ ಹಾಕಿದರೆ ವಜೀರಬಿಯೋ ಧೂಳಮ್ಮನೋ ಒಂದು ತಂಬಿಗೆ ನೀರು ಹಿಡಿದು “ಮೊದಲ ವಜೂ ಮಾಡ್ರಿ” ಎಂದರೆ ಸಾಕು. ಕುಳಿತು ಮೊಣಕೈತನಕ ನೀರು ಹಚ್ಚುತ್ತಾ, ಯಾತಕ್ಕೆ ಕುಳಿತೆನೆಂಬುದನ್ನೇ ಮರೆತು, ತಣ್ಣಗಾಗಿ ಮನೆಗೆ ಬರುವರು. ನಿಮ್ಮ ಖಾತೆಯಲ್ಲಿ ಇಂಥ ಉಪಾಯವಿದೆಯೇ? ತಂಬಿಗೆಗೆ ಲೈಸೆನ್ಸು ಬೇಡ, ಅದಕ್ಕೇ ಇರಲಿಕ್ಕಿಲ್ಲ.

ಹೋದ ತಿಂಗಳ ಸಂತೆಯ ದಿನ ಇಬ್ಬರು ಹೆಂಗಸರೂ ಸಂತೆಗೆ ಹೋಗಿದ್ದರು. ತಂಬಿಗೆ ಹಿಡಿಯುವವರಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಅವರು ಮೆಟ್ಟಿಲು ಹತ್ತಿ ಬೆಳಗಿನ ಜಾವದ ಕರೆ ಕೊಟ್ಟರು. ಆ ಕರೆಯಲ್ಲಿ ಮಾತ್ರ ಒಂದು ಹೆಚ್ಚಿನ ಸಾಲಿದೆ: ನಿದ್ದೆಗಿಂತ ನಮಾಜು ಮೇಲು. ಆ ಹೊತ್ತಿನಲ್ಲಿ ಕಲ್ಯಾಣಿಯಲ್ಲಿ ಮಲಗಿದ್ದವರು ನೀವೊಬ್ಬರೇ ಎಂಬುದು ಮುದುಕನ ಅಪರಾಧವೇ? ಯಾರೋ ನಿಮ್ಮ ಕಿವಿಯೂದಿದರು, ಇದು ನಿಜಾಮರ ಅಡಗಿದ ರಜಾಕಾರರಿಗೆ ಸನ್ನೆ ಎಂದು. ಎಳೆತಂದಿರಿ. ನಾನು ಠಾಣೆಯ ಕಿಟಕಿಯಲ್ಲಿ ನಿಂತಿದ್ದೆ.

“ಈಗ ರಾಜ್ಯ ಯಾರದು?” ಎಂದಿರಿ.

ಅವರು ಈಗಿನ ನಿಜಾಮರ ತಂದೆಯ ಹೆಸರು ಹೇಳಿದರು. ಆಮೇಲೆ ನಿಮ್ಮ ಮುಖ ನೋಡಿ, “ಉಂಡಿಯೇನೋ ಮಗಾ? ಬಾಡೀಯಲ್ಲ,” ಎಂದರು.

ಕಪಾಳಕ್ಕೆ ಹೊಡೆದಿರಿ. ಸತ್ತು ಮೂವತ್ತೇಳು ವರ್ಷವಾದ ರಾಜನ ಪರವಾಗಿ ಒಳಸಂಚು ನಡೆಸುವವನು ಎಷ್ಟು ಅಪಾಯದ ಮನುಷ್ಯ! ರಜಾಕಾರರು ನನ್ನ ಅಣ್ಣನ ಅಂಗಡಿ ಸುಟ್ಟವರು, ಅವರ ಮೇಲೆ ನನಗೆ ಕನಿಕರವಿಲ್ಲ. ಅವರೂ ಒಮ್ಮೆ ಈ ಮುದುಕನನ್ನು ನಿಲ್ಲಿಸಿ ಜೈಕಾರ ಕೂಗೆಂದಿದ್ದರು. “ನೀವು ಯಾರ ಮಕ್ಕಳಪ್ಪಾ?” ಎಂದು ಕೇಳಿದಾಗ ನಕ್ಕು ಬಿಟ್ಟು ಹೋದರು. ಅವರಿಗೆ ಅರ್ಥವಾದದ್ದು ನಿಮಗೆ ಆಗಲಿಲ್ಲ. ಈ ಸಾಲನ್ನು ಇನ್ನೊಮ್ಮೆ ಓದಿಸಿಕೊಳ್ಳಿ.

ಆಮೇಲೆ ಮುದುಕನನ್ನು ಹುಮನಾಬಾದಿನ ದೊಡ್ಡ ಠಾಣೆಗೆ ಒಯ್ದಿರಿ. ದಾರಿಯುದ್ದಕ್ಕೂ ನಿಮ್ಮ ಜವಾನರಿಗೆ ಒಳ್ಳೆಯ ಆಟವಾಯಿತು. “ಬಾಂಗಿ ಸಾಹೇಬ, ಹೊತ್ತಾತು, ಕರೀರಿ!” ಎನ್ನುವುದು, ಮುದುಕ ಕಿವಿಗೆ ಕೈಯಿಟ್ಟು ಕರೆಯತೊಡಗಿದರೆ ಬಾಯಿಗೆ ಮಣ್ಣು ತುರುಕುವುದು. ಮರುಗಳಿಗೆ ಮತ್ತೆ ಅದೇ. ನೆನಪಿಲ್ಲದವನು ಮತ್ತೆ ಮತ್ತೆ ಮೋಸಹೋಗುತ್ತಾನಲ್ಲ! ವಜೀರಬಿ ಹಿಂದಿನ ಬಂಡಿಯಲ್ಲಿ ಕುಳಿತು ಇದನ್ನು ನೋಡಿದಳು.

ಅಲ್ಲಿ ನೀವು ಮುಚ್ಚಳಿಕೆ ಮುಂದಿಟ್ಟಿರಿ: ಇನ್ನು ಮೇಲೆ ಬಾಂಗು ಕೊಡುವುದಿಲ್ಲ. ಅವರ ಹೆಬ್ಬೆಟ್ಟು ಹಿಡಿದು ಒತ್ತಿಸಿದಿರಿ.

“ಸಾಹೇಬ್ರ, ಅವರಿಗಿ ನಾ ಯಾರಂತನ ನೆನಪಿಲ್ರಿ. ನಿಮ್ಮ ಕಾಗದ ಹ್ಯಾಂಗ ನೆನಪಿರ್ತದ್ರಿ?” ಎಂದಳು ವಜೀರಬಿ.

“ಹಾಗಾದರೆ ಕಟ್ಟಿಹಾಕು. ಅವನ ದನಿ ಹೊರಗೆ ಕೇಳಿದರೆ ನಿನ್ನನ್ನು ಒಳಗೆ ಹಾಕುತ್ತೇನೆ,” ಎಂದಿರಿ.

ಆಕೆ ಒಳಗೆ ಹೋದರೆ ಮುದುಕನಿಗೆ ಅನ್ನ ಕಲಸುವವರಿಲ್ಲ. ಅದಕ್ಕೇ ಕಟ್ಟಿದಳು. ಈಗ ದಿನವಿಡೀ ನಡೆಯುವುದನ್ನು ಕೇಳಿ. ಮುದುಕ ಕಾಲು ನೋಡಿಕೊಳ್ಳುತ್ತಾನೆ. “ಅಮ್ಮಾ, ನಾ ಏನ್ ತಪ್ಪು ಮಾಡೀನಿ? ಇನ್ನ ಮಾಡಂಗಿಲ್ಲ, ಬಿಚ್ಚು,” ಎಂದು ಚಿಕ್ಕವನಂತೆ ಕೈಮುಗಿಯುತ್ತಾನೆ. ಆಕೆ ಸಮಾಧಾನ ಹೇಳುತ್ತಾಳೆ. ಬೀಸುವ ಕಲ್ಲು ಎರಡು ಸುತ್ತು ತಿರುಗುವಷ್ಟರಲ್ಲಿ ಅವನಿಗೆ ಎಲ್ಲ ಮರೆತಿರುತ್ತದೆ, ಮತ್ತೆ ಕಾಲು ನೋಡಿಕೊಳ್ಳುತ್ತಾನೆ. ಕಳ್ಳನಿಗಾದರೆ ಶಿಕ್ಷೆ ಅಭ್ಯಾಸವಾಗುತ್ತದೆ. ಇವನಿಗೆ ಪ್ರತಿ ಸಲವೂ ಇದೇ ಮೊದಲ ಸಲ. ಕೊಲೆಗಾರನನ್ನು ಒಮ್ಮೆ ಗಲ್ಲಿಗೇರಿಸುವ ಕಾನೂನು ನಮ್ಮಲ್ಲಿದೆ. ಒಬ್ಬನನ್ನೇ ದಿನವಿಡೀ ಏರಿಸುತ್ತಿರುವ ಕಾನೂನನ್ನು ನೀವು ಎಲ್ಲಿಂದ ತಂದಿರಿ? ಮೊನ್ನೆಯಿಂದ ಆತ ಅನ್ನ ಬಿಟ್ಟಿದ್ದಾನೆ. ತನ್ನನ್ನು ಕಟ್ಟಿದವಳ ಕೈಯಿಂದ ಉಣ್ಣಲು ಹೆದರಿಕೆ.

ನನ್ನ ಬೇಡಿಕೆ ಇಷ್ಟು. ಬರುವ ಶುಕ್ರವಾರದೊಳಗೆ ಈ ಹುಕುಮು ಬರಹದಲ್ಲಿ ರದ್ದಾಗಬೇಕು. ಆಗದಿದ್ದರೆ ಶನಿವಾರ ಬೆಳಿಗ್ಗೆ ಓಣಿಯವರೆಲ್ಲರ ಎದುರು ಆ ಗಂಟನ್ನು ನಾನೇ ಬಿಚ್ಚುತ್ತೇನೆ. ಹಿಡಿಯುವುದಾದರೆ ನನ್ನನ್ನು ಹಿಡಿಯಿರಿ, ವಜೀರಬಿಯನ್ನು ಮುಟ್ಟಬೇಡಿ.

ಈ ರೋಗ ನಿಮಗೂ ಬರಲಿ ಎಂದು ಧೂಳಮ್ಮ ಮಣ್ಣು ತೂರಿ ಶಪಿಸಿದಳು. ನಾನು ತಡೆದೆ. ಬಂದರೆ ನೀವು ಇದನ್ನೆಲ್ಲ ಮರೆತು ಸುಖವಾಗಿರುತ್ತೀರಿ. ನೀವು ನೂರು ವರ್ಷ ಬಾಳಿರಿ, ಒಂದು ಗಳಿಗೆಯೂ ಮರೆಯದಿರಲಿ.

ಇಂತಿ,
ಹೊಸ ಸರ್ಕಾರದ ಲಾರಿಗಳ ಮೇಲೆ ಹೂವೆರಚಿದವರಲ್ಲಿ ಒಬ್ಬ,
ಈಗ ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದ
ಮಹಾರುದ್ರಪ್ಪ
ಕಲ್ಯಾಣಿ, ಮಾರ್ಚ್ ೧೯೪೯