ಬಾಗಿಲಲ್ಲಿ ನಿಂತಿದ್ದ ಅಪ್ಪ

ಪ್ರೀತಿಯ ಭಾವ,

ನೀವು ಎರಡನೇ ಸಲ ಕಳಿಸಿದ ಹಳೆಯ ಫೋಟೋಗಳ ಪೆನ್‌ಡ್ರೈವ್ ತಲುಪಿತು. ನನ್ನ ಕೈಗುಣ ಗೊತ್ತಿದ್ದೇ ಇನ್ನೊಂದು ಪ್ರತಿ ಇಟ್ಟುಕೊಂಡಿದ್ದಿರಲ್ಲ, ನಿಮ್ಮ ಹೊಟ್ಟೆ ತಣ್ಣಗಿರಲಿ.

ಹೋದ ಸಲ ಫೋಟೋ ಸಾಫ್ಟ್‌ವೇರ್‌ಗೆ ತುಂಬಿಸಿದಾಗ ಒಂದೊಂದು ಚಿತ್ರವೂ ಎರಡೆರಡು ಕಂಡಿತ್ತು: ಒಂದು ಸಣ್ಣ ಜೆಪೆಗ್, ಇನ್ನೊಂದು ದೈತ್ಯ ಗಾತ್ರದ ರಾ ಫೈಲ್. ಸುಮ್ಮನೆ ಜಾಗ ತಿನ್ನುತ್ತವೆಂದು ದೊಡ್ಡವನ್ನೆಲ್ಲ ಗುಡಿಸಿಹಾಕಿದ್ದೆ. ಈ ಸಲ ಎರಡನ್ನೂ ಉಳಿಸಿಕೊಂಡೆ.

ನನ್ನ ಸೈಕಲ್ ಅಂಗಡಿ ತೆರೆದ ದಿನ ನೀವು ತೆಗೆದ ಫೋಟೋ ನೆನಪಿದೆಯೇ? ತಾವು ಕಲಿಸಿದ ಬಡಗಿ ಕೆಲಸ ಬಿಟ್ಟೆನೆಂದು ಅಪ್ಪ ಮುಖ ಗಂಟಿಕ್ಕಿಕೊಂಡು ಬಂದು, ಮಾತಾಡದೆ ಹೋಗಿದ್ದರು. ತೀರಿಕೊಳ್ಳುವವರೆಗೂ ಅಂಗಡಿಯ ಸುದ್ದಿ ಎತ್ತಲಿಲ್ಲ. ಜೆಪೆಗ್‌ನಲ್ಲಿ ನಾನು ಚಕ್ರಕ್ಕೆ ಗಾಳಿ ಹಾಕುತ್ತಿದ್ದೇನೆ. ಹಿಂದೆ ಬಾಗಿಲಲ್ಲಿ ಅಪ್ಪನ ಮುಖ ಬರೀ ಕಪ್ಪು. ಕತ್ತಲಲ್ಲಿರುವುದನ್ನೂ ಹಿಡಿದಿಟ್ಟಿರುವ ರಾ ಫೈಲಿನಲ್ಲಿ, ನೀವು ಹೇಳಿದಂತೆ ನೆರಳನ್ನು ತಿಳಿಯಾಗಿಸುತ್ತಾ ಹೋದೆ. ಕಪ್ಪಿನೊಳಗಿಂದ ಅಪ್ಪ ಹಲ್ಲು ಬಿಟ್ಟು ನಗುತ್ತಾ ಹೊರಬಂದರು.

ಅಮ್ಮನಿಗೆ ತೋರಿಸಿದೆ. “ನೀನು ಆ ಕಡೆ ತಿರುಗಿದ ಮೇಲೇ ಅವರು ನಗ್ತಾ ಇದ್ದದ್ದು. ಎದುರಿಗೆ ನಕ್ಕರೆ ತಲೆ ಮೇಲೆ ಕೂತ್ಕೋತೀಯ ಅಂತ” ಅಂದಳು.

ಬರುವಾಗ ಕ್ಯಾಮೆರಾದ ಹಳೆಯ ಕಾರ್ಡುಗಳನ್ನೆಲ್ಲ ತನ್ನಿ. ಒಂದನ್ನೂ ಅಳಿಸಬೇಡವೆಂದು ಅಕ್ಕನಿಗೆ ಹೇಳಿ. ನಾನು ಬೆನ್ನು ತಿರುಗಿಸಿರುವ ಫೋಟೋಗಳನ್ನೆಲ್ಲ ಮತ್ತೆ ನೋಡಬೇಕಿದೆ.

ನಿಮ್ಮ ಗ್ರೀಸ್ ಕೈಯ ನಾದಿನಿ