ಚಿತ್ರದಲ್ಲಿ ಏನಿದೆ ಎಂದು ನೀನು ಕೇಳಿದ್ದೆ

ಮನೆಯಾಕೆ ಮಹಾನಂದಾಗೆ,

ನೀನು ಬದುಕಿದ್ದಾಗ ಒಂದು ಕಾಗದವನ್ನೂ ಬರೆದವನಲ್ಲ ನಾನು. ನೀನು ತವರಿಗೆಂದು ಭಾಲ್ಕಿಗೆ ಹೋದರೆ ಆ ಕಡೆ ಹೋಗುವವರ ಹತ್ತಿರ ಹೇಳಿಕಳಿಸುತ್ತಿದ್ದೆ, ಬೇಗ ಬಾ, ಪ್ರೂಫ್ ಬಿದ್ದಿವೆ ಅಂತ. ಈಗ ಬರೆಯಲು ಕೂತಿದ್ದೇನೆ. ನಗಬೇಡ.

ಪ್ರೂಫ್ ನೋಡುವ ನಮ್ಮ ಪದ್ಧತಿ ನೆನಪಿದೆಯಾ? ಬೀದರಿನ ಚೌಬಾರಾ ಹತ್ತಿರ ಆ ಒಂದೇ ಕೋಣೆಯ ಪ್ರೆಸ್ಸು. ಊಟವಾದ ಮೇಲೆ ನೀನು ಹಸ್ತಪ್ರತಿ ಹಿಡಿದು ಗಟ್ಟಿಯಾಗಿ ಓದುತ್ತಿದ್ದೆ, ನಾನು ಅಚ್ಚಾದ ಹಾಳೆಯ ಮೇಲೆ ಪೆನ್ಸಿಲ್ ಓಡಿಸುತ್ತಿದ್ದೆ. ನೀನು ಬರೀ ಮಾತನ್ನು ಓದುತ್ತಿರಲಿಲ್ಲ. ‘ಶೀರ್ಷಿಕೆ, ದಪ್ಪಕ್ಷರ. ಹೊಸ ಪ್ಯಾರಾ. ಇಲ್ಲಿ ಚಿತ್ರದ ಬ್ಲಾಕು, ಎತ್ತಿನ ಜೋಡಿ ಅದ, ಒಂದರ ಕೋಡು ಮುರದದ.’ ಪುಟದ ಮೇಲಿದ್ದ ಎಲ್ಲಕ್ಕೂ ನಿನ್ನ ಬಾಯಲ್ಲಿ ಹೆಸರಿತ್ತು. ಕಣ್ಣು ಮುಚ್ಚಿ ಕೂತರೂ ನನಗೆ ಪುಟ ಕಾಣುತ್ತಿತ್ತು. ಆರನೇ ಇಯತ್ತೆಗೆ ಸಾಲೆ ಬಿಟ್ಟವನಿಗೆ ಮೆಟ್ರಿಕ್ ಆದ ಹೆಂಡತಿ ಓದಿ ಹೇಳುತ್ತಾಳೆ ಅಂತ ಒಳಗೊಳಗೆ ಹೆಮ್ಮೆ. ಅದನ್ನು ಎಂದಾದರೂ ಬಾಯಿಬಿಟ್ಟು ಹೇಳಿದೆನಾ?

ಸಕ್ಕರೆ ಕಾಯಿಲೆ ನಿನ್ನ ಕಣ್ಣು ಒಯ್ದ ಮೇಲೆ ಓದುವ ಪಾಳಿ ನನ್ನದಾಯಿತು. ದಿನಾ ಪೇಪರ್ ಓದುತ್ತಿದ್ದೆ, ಚೀಲ ಬೋರಲು ಹಾಕಿ ಸುರಿದ ಹಾಗೆ. ಯಾವುದು ಶೀರ್ಷಿಕೆ, ಒಂದು ಸುದ್ದಿ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು, ಒಂದನ್ನೂ ಹೇಳುತ್ತಿರಲಿಲ್ಲ. ನೀನು ನಡುವೆ ತಡೆದು, ‘ಚಿತ್ರ ಅದ ಏನ್ರಿ? ಅದ್ರಾಗ ಏನದ?’ ಅನ್ನುತ್ತಿದ್ದೆ. ‘ಚಿತ್ರ ಅದ. ಅಷ್ಟೇ,’ ಅನ್ನುತ್ತಿದ್ದೆ. ನೀನು ಸುಮ್ಮನಾಗುತ್ತಿದ್ದೆ. ಆಮೇಲೆ ಆಮೇಲೆ ಕೇಳುವುದನ್ನೇ ಬಿಟ್ಟೆ. ನಾನು, ಹಾಂ, ಸಮಾಧಾನ ಆಗಿದೆ ಇವಳಿಗೆ ಅಂತ ತಿಳಿದೆ.

ಇದೆಲ್ಲ ಈಗ ಯಾಕೆ ಅಂದರೆ, ಈ ವರ್ಷ ಔರಾದ ಕಡೆ ಮಳೆ ಆಗಲಿಲ್ಲ. ತೊಗರಿ ಹೂವಿನಲ್ಲೇ ಒಣಗಿತು. ಪುಣೆ, ಹೈದರಾಬಾದ ಬಸ್ಸುಗಳ ಮೇಲೆ ದುಡಿಯಲು ಹೊರಟವರ ಹಾಸಿಗೆ ಸುರುಳಿ, ಪಾತ್ರೆ ಚೀಲ. ಅಂಥ ದಿನಗಳಲ್ಲಿ ಸುನೀತಾ ಅನ್ನುವವಳು ನಮ್ಮ ಪ್ರೆಸ್ಸಿಗೆ ಬಂದಳು. ನಿನಗೆ ಗೊತ್ತಿಲ್ಲ ಅವಳು. ಠಾಣಾ ಕುಶನೂರಿನ ಹುಡುಗಿ, ಭಾಲ್ಕಿಯ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಹುಟ್ಟಿನಿಂದ ಕಣ್ಣಿಲ್ಲ. ಊರಿನಲ್ಲಿ ಉಳಿದವರಿಗಾಗಿ ಒಂದು ಚಿಕ್ಕ ಪುಸ್ತಕ ಬರೆದುಕೊಂಡು ಬಂದಿದ್ದಳು. ನೀರಿನ ಟ್ಯಾಂಕರ್ ಯಾವ ದಿನ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ರೇಷನ್ ಹೇಗೆ ತರುವುದು, ಔಷಧಿಗೆ ಯಾರನ್ನು ಕೇಳುವುದು, ಇಂಥವು. ಕಾಗದದ ಪ್ರತಿಯೂ ಬೇಕು, ಫೋನು ಗಟ್ಟಿಯಾಗಿ ಓದಿ ಹೇಳುವಂಥ ಪ್ರತಿಯೂ ಬೇಕು ಅಂದಳು. ‘ದುಡಿಯೋರು ಹೋದ್ರು ಅಂತ ಎಲ್ಲಾರೂ ಅಂತಾರ ಕಾಕಾ. ಮುದುಕರಿಗಿ ಓದಿ ಹೇಳೋರೂ ಅವರೇ ಇದ್ರು. ಅದು ಯಾರಿಗೂ ನೆನಪಿಲ್ಲ.’

ಕಾಲೇಜಿನವರ ಗಣಿತದ ಪ್ರಶ್ನೆಪತ್ರಿಕೆಗಳನ್ನು ನಾನು ಲೇಟೆಕ್ ಎಂಬುದರಲ್ಲಿ ಮಾಡುತ್ತೇನೆ. ಅಚ್ಚುಮೊಳೆ ಹೋಗಿ ಕಂಪ್ಯೂಟರ್ ಬಂತಲ್ಲ, ಇದು ಅದರಲ್ಲಿ ಅಪ್ಪಣೆ ಬರೆದು ಪುಟ ಕಟ್ಟುವ ವ್ಯವಸ್ಥೆ. ಇದರಲ್ಲೇ ಆಗುತ್ತದೆ ಬಿಡು ಅಂದೆ. ಆಗ ಅವಳು ಟ್ಯಾಗಿನ ವಿಷಯ ತೆಗೆದಳು. ಅಕ್ಷರ ದೊಡ್ಡದು ಮಾಡಿದರೆ ಕಣ್ಣಿಗೆ ಅದು ಶೀರ್ಷಿಕೆ, ಫೋನಿಗೆ ಅದೂ ಒಂದು ಸಾಲು ಅಷ್ಟೇ. ಇದು ಶೀರ್ಷಿಕೆ, ಇದು ಪ್ಯಾರಾ, ಇದು ಕೋಷ್ಟಕದ ತಲೆಸಾಲು, ಇದು ಚಿತ್ರ ಮತ್ತು ಚಿತ್ರದಲ್ಲಿ ಇಂಥದ್ದಿದೆ ಎಂದು ಪುಟದ ಒಳಗೇ ಗುರುತು ಕಟ್ಟಬೇಕಂತೆ. ಹೊರಗೆ ಅದು ಕಾಣುವುದೇ ಇಲ್ಲ. ನನಗೆ ಸಿಟ್ಟು ಬಂತು. ಹಾಳೆಯ ಮೇಲೆ ಕಾಣದ್ದಕ್ಕೆ ಅಚ್ಚಿನ ಕೆಲಸ ಅಂತಾರಾ ಎಂದು ಜೋರು ಮಾಡಿದೆ. ಅವಳು ನಕ್ಕಳು. ‘ನನಗ ಹಾಳಿ ಮ್ಯಾಲಿಂದೇ ಕಾಣಂಗಿಲ್ರಿ ಕಾಕಾ.’

ಮಾಡಿದೆ. ಶೀರ್ಷಿಕೆ, ಪ್ಯಾರಾ ಕಷ್ಟವಾಗಲಿಲ್ಲ. ಶೀರ್ಷಿಕೆ ಅಂತ ಅಪ್ಪಣೆ ಕೊಟ್ಟೇ ಬರೆಯುವುದರಿಂದ, ಕಡತದ ತಲೆಗೆ ಟ್ಯಾಗ್ ಕಟ್ಟು ಎಂದು ಒಮ್ಮೆ ಹೇಳಿದರೆ ಅದೇ ಕಟ್ಟಿಕೊಳ್ಳುತ್ತದೆ. ಕೋಷ್ಟಕ ಕಾಡಿತು, ಅದನ್ನೂ ಬಿಡಲಿಲ್ಲ. ಉಳಿದದ್ದು ಚಿತ್ರ, ದಾರಿ ತೋರುವ ನಕ್ಷೆಯಂಥವು. ಅದನ್ನು ಯಾವ ಅಪ್ಪಣೆಯೂ ನೋಡಿ ಹೇಳುವುದಿಲ್ಲ, ಮನುಷ್ಯನೇ ಬರೆಯಬೇಕು. ಟ್ಯಾಗೆಲ್ಲ ಸರಿಯಿದೆಯೇ ಎಂದು ತಪಾಸಣೆಗೆ ಹಾಕಿದರೆ ಈ ಚಿತ್ರಕ್ಕೆ ವಿವರಣೆ ಇಲ್ಲ, ಆ ಚಿತ್ರಕ್ಕೆ ಇಲ್ಲ ಎಂದು ಕಂಪ್ಯೂಟರ್ ಒಂದೇ ಸಮನೆ ರಗಳೆ. ನನ್ನ ಸ್ವಭಾವ ನಿನಗೆ ಗೊತ್ತಲ್ಲ. ವಿವರಣೆಯ ಜಾಗದಲ್ಲೆಲ್ಲ ‘ಚಿತ್ರ’ ಎಂದು ತುಂಬಿಬಿಟ್ಟೆ. ಹಸಿರು ಗುರುತು ಬಂತು, ಎಲ್ಲ ಪಾಸು. ಸುನೀತಾಗೆ ಫೋನ್ ಮಾಡಿ, ಈ ಜಿಲ್ಲೆಯಲ್ಲಿ ಇಂಥ ಕೆಲಸ ಯಾರು ಮಾಡುತ್ತಾರೆ ತೋರಿಸು ಅಂದೆ. ಪರೀಕ್ಷೆಯ ದಿನಗಳು, ಅವಳಿಗೆ ಪೂರ್ತಿ ಕೇಳಲು ಬಿಡುವಿರಲಿಲ್ಲ. ನನ್ನ ಮಾತು ನಂಬಿ ಫೋನಿನ ಪ್ರತಿಯನ್ನು ಊರಿಗೆಲ್ಲ ಕಳಿಸಿದಳು.

ಅಚ್ಚಿನ ಪ್ರತಿ ಕೊಡಲು ಕುಶನೂರಿಗೆ ಹೋದ ದಿನ ಸುನೀತಾ ತನ್ನ ಸೋದರತ್ತೆಯ ಮನೆಗೆ ಕರೆದೊಯ್ದಳು. ಪುತಳಾಬಾಯಿ, ನಿನ್ನಷ್ಟೇ ವಯಸ್ಸಿರಬಹುದು. ಮುಪ್ಪಿನಲ್ಲಿ ಕಣ್ಣು ಹೋದವು. ಮಗ ಸೊಸೆ ಪುಣೆಗೆ ಹೋಗಿದ್ದಾರೆ, ಫೋನು ಓದುವ ಹಾಗೆ ಮಾಡಿಕೊಟ್ಟು. ಆ ಮುದುಕಿ ನನಗೆ ಚಹಾ ಕೊಟ್ಟು ಮುಂದೆ ಫೋನ್ ಇಟ್ಟಳು. ಫೋನು ಓದಿತು: ‘ಟ್ಯಾಂಕರ್ ನಿಲ್ಲುವ ಹೊಸ ಜಾಗ ಕೆಳಗಿನ ಚಿತ್ರದಲ್ಲಿದೆ. ಚಿತ್ರ.’ ಮುಂದೆ ಸರಿಸಿದರೆ ರೇಷನ್ನಿನ ಮಾತು.

‘ಇಷ್ಟೇ ಅಂತದ ನೋಡ್ರಿ,’ ಅಂದಳು. ‘ನಮ್ಮ ಮನಿಯವ್ರು ಹಿಂಗೇ ಇದ್ರು. ಒಂದ್ ಮಾತ್ ಅಂದು ಬಾಯಿ ಮುಚ್ಕೋತಿದ್ರು.’

ಟ್ಯಾಂಕರ್ ಮೊದಲು ನಿಲ್ಲುತ್ತಿದ್ದ ಬಾವಿಯ ಹತ್ತಿರವೇ ಕೊಡ ಹಿಡಿದು ನಿಂತಿದ್ದಳಂತೆ. ನೀರು ಊರಿನ ಆ ತುದಿಗೆ ಬಂದು ಹೋಗಿತ್ತು. ಖಾಲಿ ಕೊಡ ಮನೆಗೆ ತಂದು ಇಳಿಸಿದಳಂತೆ. ಇದನ್ನು ಅವಳು ನಗುತ್ತಲೇ ಹೇಳಿದಳು.

ಸುನೀತಾ ನನ್ನ ಕಡೆ ಮುಖ ತಿರುಗಿಸಿ, ‘ಕಾಕಾ, ಅದು ಕಂಪ್ಯೂಟರ್ ಹಾಕಿದ್ದಾ, ನೀವು ಬರದದ್ದಾ?’ ಎಂದು ಮೆಲ್ಲಗೆ ಕೇಳಿದಳು.

‘ನಾನೇ,’ ಅಂದೆ. ಅವಳು ಬೈದಿದ್ದರೆ ನಾನೂ ಬೈಯುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ನೀನು ಸುಮ್ಮನಾಗುತ್ತಿದ್ದೆಯಲ್ಲ, ಹಾಗೇ ಸುಮ್ಮನಾದಳು. ಫೋನಿನಲ್ಲಿದ್ದದ್ದು ಯಾವಳೋ ಹೆಂಗಸಿನ ದನಿ. ಮಾತು ಮಾತ್ರ ನನ್ನದು. ಎಷ್ಟು ವರ್ಷ ಅದನ್ನು ಕೇಳಿಸಿಕೊಂಡು ಕೂತೆ ನೀನು, ನಮ್ಮ ಮನೆಯ ಮಂಚದ ಮೇಲೆ? ಮಾರಿ ಎಲ್ಲಿ ಇಡಲಿ ಹೇಳು.

ಬೀದರಿಗೆ ಬಂದವನೇ ಎಲ್ಲ ಚಿತ್ರ ತೆಗೆದು ಕೂತೆ. ಒಂದು ನಕ್ಷೆಯನ್ನು ಕಣ್ಣಿಲ್ಲದವರಿಗೆ ಹೇಳುವುದು ಅಂದರೆ ಏನು ಅಂದುಕೊಂಡಿದ್ದೀಯ? ಬರೆದು ಸುನೀತಾಗೆ ಫೋನಿನಲ್ಲಿ ಓದಿದೆ. ನಕ್ಷೆಯಲ್ಲಿ ಹಿಟ್ಟಿನ ಗಿರಣಿ ಇದೆ ಅಂದರೆ ಅತ್ತೆಗೆ ಏನು ತಿಳಿದಂತಾಯಿತು, ಗಿರಣಿಯ ಸದ್ದು ಯಾವ ಕಿವಿಗೆ ಬರಬೇಕು ಹೇಳ್ರಿ ಅಂದಳು. ಮತ್ತೆ ಬರೆದೆ. ಗಿರಣಿಯ ಸದ್ದು ಬಲಕ್ಕಿರಲಿ, ರಸ್ತೆ ಇಳಿಜಾರಾಗುವ ತನಕ ನೇರ ನಡೆಯಿರಿ, ಶಾಲೆಯ ಗೋಡೆ ಎಡಗೈಗೆ ಸಿಗುತ್ತದೆ, ಗೋಡೆ ಮುಗಿದಲ್ಲಿ ಬೇವಿನ ಮರ, ಅಲ್ಲಿ ಟ್ಯಾಂಕರ್. ಕಣ್ಣು ಮುಚ್ಚಿ ಗಟ್ಟಿಯಾಗಿ ಓದಿಕೊಂಡೆ, ನೀನು ಪ್ರೂಫ್ ಓದುತ್ತಿದ್ದ ಹಾಗೆ. ಟ್ಯಾಗು ಅಂದರೆ ಹೊಸದೇನಲ್ಲ, ಮಹಾನಂದಾ. ನೀನು ಬಾಯಲ್ಲಿ ಕಟ್ಟುತ್ತಿದ್ದೆ, ಅಷ್ಟೇ. ಹತ್ತಿರ ಕೂತು ಕೇಳಿದವನೇ ಕಲಿಯಲಿಲ್ಲ.

ತಿದ್ದಿದ ಪ್ರತಿ ಹೋದ ಮೇಲೆ, ಮುಂದಿನ ಸಲ ಟ್ಯಾಂಕರ್ ಬಂದಾಗ ಪುತಳಾಬಾಯಿ ಮರದ ಹತ್ತಿರ ತಾನೇ ಹೋಗಿ ನೀರು ತಂದಳಂತೆ. ‘ನಿಮ್ಮ ಪುಸ್ತಕ ಈಗ ಮಾತಾಡ್ಲಾಕ ಕಲ್ತದ ನೋಡ್ರಿ,’ ಎಂದು ಫೋನಿನಲ್ಲಿ ಚೇಷ್ಟೆ ಮಾಡಿದಳು. ನಗು ಬಂತು. ಅದರ ಹಿಂದೆಯೇ, ಇವಳಿಗೆ ಹೇಳಿದೆ, ನಿನಗೆ ಹೇಳಲಿಲ್ಲವಲ್ಲ ಅನ್ನಿಸಿತು.

ಮೊಮ್ಮಗಳ ತೊಟ್ಟಿಲ ಕಾರ್ಯದ ಫೋಟೋಕ್ಕೆ ಕಟ್ಟು ಹಾಕಿಸಿ ತಂದ ದಿನ ನೀನು ಗಾಜಿನ ಮೇಲೆ ಕೈಯಾಡಿಸಿ, ‘ಯಾರ್ಯಾರು ಅದಾರ್ರಿ ಇದ್ರಾಗ?’ ಎಂದು ಕೇಳಿದ್ದೆ. ‘ಎಲ್ಲಾರೂ ಅದಾರ. ಅಷ್ಟೇ,’ ಅಂದಿದ್ದೆ. ಅದೂ ಸುಳ್ಳು. ಇವತ್ತು ಅದನ್ನು ಗೋಡೆಯಿಂದ ಇಳಿಸಿ, ಒರೆಸಿ, ಮುಂದಿಟ್ಟುಕೊಂಡು ಬರೆದಿದ್ದೇನೆ. ಕೇಳು.

ಚಿತ್ರ. ಅಂಗಳದಲ್ಲಿ ತೊಟ್ಟಿಲು, ಮೇಲೆ ಚೆಂಡುಹೂವಿನ ಮಾಲೆ. ಸುತ್ತ ಮಗ, ಸೊಸೆ, ಬೀಗರು. ಕೂಸು ಅಳುತ್ತಿದೆ. ಎಲ್ಲರೂ ಕ್ಯಾಮೆರಾ ಕಡೆ ನೋಡುತ್ತಿದ್ದಾರೆ. ತೊಟ್ಟಿಲ ಹಗ್ಗ ಹಿಡಿದು ಹಸಿರು ಇಳಕಲ್ ಸೀರೆಯ ಹೆಂಗಸು ನಿಂತಿದ್ದಾಳೆ, ಅವಳೊಬ್ಬಳ ಮುಖ ಬಲಕ್ಕೆ ತಿರುಗಿದೆ. ಅವಳ ಗಂಡ ಚಿತ್ರದಲ್ಲಿಲ್ಲ. ಅವನು ಆ ಬಲಗಡೆ, ಕಟ್ಟಿನ ಹೊರಗೆ, ಊಟಕ್ಕೆ ತಡವಾಯಿತೆಂದು ಅಡುಗೆಯವನ ಮೇಲೆ ಒದರಾಡುತ್ತಿದ್ದಾನೆ. ಅವಳು ಆ ದನಿ ಬಂದ ಕಡೆ ಮುಖ ಮಾಡಿ ನಗುತ್ತಿದ್ದಾಳೆ.